ಐವತ್ತೈದು ವರ್ಷ ಕಾದವರ ಕಥೆ ಮತ್ತು ಒಂದು ‘ಇಂದ’ ಪ್ರತ್ಯಯ

ಪೇಟನ್ ರೌಸ್ ಅವರ ಕಥೆಯನ್ನು ಹೇಳುವವರೆಲ್ಲ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಹೇಳುತ್ತಾರೆ. 1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೆ ಯಾರೋ ಕೋಳಿ ಸಾಕುವವರು ಎದೆಯ ಮೇಲೆ ಗಡ್ಡೆ ಬೆಳೆದ ಒಂದು ಹೇಂಟೆಯನ್ನು ತರುತ್ತಾರೆ. ಸಂಸ್ಥೆಗೆ ಹೊಸದಾಗಿ ಸೇರಿದ್ದ, ಮೂವತ್ತರ ಆಸುಪಾಸಿನ ರೌಸ್ ಆ ಗಡ್ಡೆಯನ್ನು ಅರೆದು, ಸೋಸಿ, ಜೀವಕೋಶಗಳೇ ಇಲ್ಲದ ತಿಳಿಯನ್ನು ಬೇರೆ ಕೋಳಿಗಳಿಗೆ ಚುಚ್ಚುತ್ತಾರೆ. ಅವುಗಳಿಗೂ ಅದೇ ಕ್ಯಾನ್ಸರ್ ಬರುತ್ತದೆ. 1911ರಲ್ಲಿ ಇದನ್ನು ಪ್ರಕಟಿಸುತ್ತಾರೆ. ಜಗತ್ತು ನಂಬುವುದಿಲ್ಲ. 1966ರಲ್ಲಿ, 87ನೇ ವಯಸ್ಸಿನಲ್ಲಿ, ಅವರಿಗೆ ನೊಬೆಲ್ ಪ್ರಶಸ್ತಿ ಬರುತ್ತದೆ. ನಡುವೆ 55 ವರ್ಷ.

ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಇದು ನಮಗೆ ಇಷ್ಟವಾಗುವುದು ನಿಜವಾಗಿರುವುದರಿಂದ ಅಲ್ಲ, ಪರಿಚಿತವಾಗಿರುವುದರಿಂದ. ಅರ್ಹನಿಗೆ ಅನ್ಯಾಯ, ದೀರ್ಘ ವನವಾಸ, ಕೊನೆಗೆ ಪಟ್ಟಾಭಿಷೇಕ. ಈ ಕಥನದ ಅಚ್ಚು ನಮ್ಮಲ್ಲಿ ಎಷ್ಟು ಹಳೆಯದೆಂದರೆ ಯಾವ ಬದುಕನ್ನು ಸುರಿದರೂ ಅದೇ ಆಕಾರಕ್ಕೆ ಬಂದುಬಿಡುತ್ತದೆ. ತೊಂದರೆ ಇರುವುದೂ ಅಲ್ಲಿಯೇ. ಕ್ಯಾನ್ಸರನ್ನು ಯಾವುದೋ ಎಲೆಯ ಕಷಾಯದಿಂದ ವಾಸಿಮಾಡುತ್ತೇನೆ ಎನ್ನುವವನೂ ಇದೇ ಅಚ್ಚನ್ನು ಬಳಸುತ್ತಾನೆ. ‘ದೊಡ್ಡ ವಿಜ್ಞಾನಿಗಳನ್ನೂ ಮೊದಲು ಯಾರೂ ನಂಬಲಿಲ್ಲ, ನನ್ನನ್ನೂ ಈಗ ನಂಬುತ್ತಿಲ್ಲ’ ಎಂದು ಅವನು ಹೇಳಿದಾಗ, ರೌಸ್ ಕಥೆಯನ್ನು ವನವಾಸದ ಕಥೆಯಾಗಿ ಮಾತ್ರ ಕೇಳಿದವರ ಬಳಿ ಉತ್ತರವಿರುವುದಿಲ್ಲ. ಏಕೆಂದರೆ ಆ ಕಥೆಯಲ್ಲಿ ನಂಬದಿರುವ ಜಗತ್ತು ಇದೆ, ಕಾಯುವ ಮನುಷ್ಯ ಇದ್ದಾನೆ. ಅವನು ಬರೆದದ್ದು ಏನು ಎಂಬುದು ಇಲ್ಲ.

ಹಾಗಾಗಿ ಸಾಹಿತ್ಯದ ವಿದ್ಯಾರ್ಥಿಯೊಬ್ಬಳಿಗೆ ಗೊತ್ತಿರುವ ಒಂದೇ ವಿಧಾನವನ್ನು ಇಲ್ಲಿ ಬಳಸುತ್ತೇನೆ. ಕಥೆಯನ್ನು ಪಕ್ಕಕ್ಕಿಟ್ಟು ಪಠ್ಯವನ್ನು ಓದುವುದು.

1911ರ ಪ್ರಬಂಧದ ಶೀರ್ಷಿಕೆಯನ್ನು ಕನ್ನಡದಲ್ಲಿ ಸರಿಸುಮಾರು ಹೀಗೆ ಹೇಳಬಹುದು: ಗಡ್ಡೆಯ ಜೀವಕೋಶಗಳಿಂದ ಬೇರ್ಪಡಿಸಬಹುದಾದ ಒಂದು ಕಾರಕದ ಮೂಲಕ ಹರಡಬಲ್ಲ, ಕೋಳಿಯ ಸಾರ್ಕೋಮಾ. ಸಾರ್ಕೋಮಾ ಎಂದರೆ ಸ್ನಾಯು, ಮೂಳೆ ಮುಂತಾದ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಗಮನಿಸಬೇಕಾದದ್ದು, ಶೀರ್ಷಿಕೆಯಲ್ಲಿ ‘ವೈರಸ್’ ಎಂಬ ಪದ ಇಲ್ಲ. ಮೂಲದಲ್ಲಿರುವುದು ‘ಏಜೆಂಟ್’. ನಾವು ಕಥೆ ಹೇಳುವಾಗ ಸಲೀಸಾಗಿ ‘ಕ್ಯಾನ್ಸರ್ ತರುವ ವೈರಸ್ಸನ್ನು ಕಂಡುಹಿಡಿದರು’ ಎಂದುಬಿಡುತ್ತೇವೆ. ಅವರು ಹಾಗೆ ಹೇಳಲಿಲ್ಲ. ಸೋಸಿದ ಮೇಲೂ ಉಳಿದುಕೊಳ್ಳುವ, ಒಂದು ಕೋಳಿಯಿಂದ ಇನ್ನೊಂದಕ್ಕೆ ಹೋಗಬಲ್ಲ ಏನೋ ಒಂದು ಇದೆ ಎಂದರು. ಪ್ರಬಂಧದ ಕೊನೆಯಲ್ಲಿ ಎರಡು ಸಾಧ್ಯತೆಗಳನ್ನು ಮುಂದಿಡುತ್ತಾರೆ. ಅದು ಅತಿ ಸೂಕ್ಷ್ಮವಾದ ಪರಾವಲಂಬಿ ಜೀವಿಯಾಗಿರಬಹುದು, ಅಥವಾ ಗಡ್ಡೆಯ ಕೋಶಗಳೇ ಉತ್ಪಾದಿಸುವ ರಾಸಾಯನಿಕ ಪ್ರಚೋದಕವಾಗಿರಬಹುದು. ಸದ್ಯಕ್ಕೆ ಎರಡರಲ್ಲಿ ಯಾವುದನ್ನೂ ಒಪ್ಪಿಕೊಂಡಿಲ್ಲ ಎಂಬುದು ಅವರ ನಿಲುವು.

ಈ ಎಚ್ಚರವನ್ನು ವಿನಯ ಎಂದು ಓದಿದರೆ ಸಾಲದು. ಅದರ ಹಿಂದೆ ಕೆಲಸವಿದೆ. ಮೊದಲು ಗಡ್ಡೆಯ ತುಣುಕುಗಳನ್ನು ಅದೇ ಸಾಕಣೆಯ ಹತ್ತಿರದ ಸಂಬಂಧದ ಕೋಳಿಗಳಿಗೆ ಕಸಿಮಾಡಿ ಅದು ಬೆಳೆಯುವುದನ್ನು ತೋರಿಸಿದರು. ಬೇರೆ ಕೋಳಿಗಳಲ್ಲಿ ಅದು ಮೊದಲು ಹಿಡಿಯಲಿಲ್ಲ. ಕಸಿಯಿಂದ ಕಸಿಗೆ ಗಡ್ಡೆ ಉಗ್ರವಾಗುತ್ತಾ ಹೋಯಿತು. ಆಮೇಲೆ ಬ್ಯಾಕ್ಟೀರಿಯಾಗಳನ್ನೂ ತಡೆಹಿಡಿಯುವ ಬರ್ಕೆಫೆಲ್ಡ್ ಶೋಧಕದಲ್ಲಿ ಸೋಸಿದರು. ಗಡ್ಡೆಯನ್ನು ಒಣಗಿಸಿ ನೋಡಿದರು, ಗ್ಲಿಸರಿನ್‌ನಲ್ಲಿಟ್ಟು ನೋಡಿದರು. ಜೀವಕೋಶಗಳು ಉಳಿಯಲಾರದ ಈ ಸ್ಥಿತಿಗಳಲ್ಲೂ ರೋಗ ತರುವ ಶಕ್ತಿ ಉಳಿಯಿತು. ಇಷ್ಟಾದ ಮೇಲೂ ಅವರು ಆಯ್ದುಕೊಂಡದ್ದು ಏನನ್ನೂ ತೀರ್ಮಾನಿಸದ ಒಂದು ಪದವನ್ನು.

‘ಏಜೆಂಟ್’ಗೆ ನಾನು ‘ಕಾರಕ’ ಎಂದು ಬರೆದದ್ದಕ್ಕೆ ಕಾರಣವಿದೆ. ವೈದ್ಯಕೀಯ ಬರವಣಿಗೆಯಲ್ಲಿ ‘ರೋಗಕಾರಕ’ ನಮಗೆ ಗೊತ್ತಿರುವ ಪದ. ಆದರೆ ಕಾರಕ ಅದಕ್ಕೂ ಮೊದಲು ವ್ಯಾಕರಣದ ಪದ. ಕ್ರಿಯೆಗೆ ನಾಮಪದ ಯಾವ ಸಂಬಂಧದಲ್ಲಿ ಸೇರುತ್ತದೆ ಎಂಬುದನ್ನು ಅದು ಹೇಳುತ್ತದೆ. ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಮರ ಕಡಿದವನು ಕರ್ತೃ. ಕೊಡಲಿಯಿಂದ ಕಡಿದರೆ ಕೊಡಲಿ ಕರಣ, ಅಂದರೆ ಸಾಧನ. ಮರದಿಂದ ಎಲೆ ಉದುರಿದರೆ ಮರ ಅಪಾದಾನ, ಅಂದರೆ ಹೊರಟುಬಂದ ಜಾಗ. ಶಾಲೆಯ ವ್ಯಾಕರಣ ತೃತೀಯೆಗೆ ‘ಇಂದ’ ಎಂದೂ ಪಂಚಮಿಗೆ ‘ದೆಸೆಯಿಂದ’ ಎಂದೂ ಬೇರೆ ಮಾಡಿ ತೋರಿಸುತ್ತದೆ. ನಮ್ಮ ಮಾತಿನಲ್ಲಿ ಮಾತ್ರ ಎರಡಕ್ಕೂ ಒಂದೇ ‘ಇಂದ’. ಹಾಗಾದರೆ ‘ವೈರಸ್‌ನಿಂದ ಕ್ಯಾನ್ಸರ್ ಬರುತ್ತದೆ’ ಎನ್ನುವಾಗ ಆ ‘ಇಂದ’ ಯಾವುದು? ವೈರಸ್ ಕೊಡಲಿಯೋ, ಮರವೋ, ಅಥವಾ ಕಡಿಯುವವನೇ ಆಗಿ ಹಿಂದೆ ನಿಂತಿದೆಯೋ? ರೌಸ್ ಅವರ ಇಡೀ ವೃತ್ತಿಜೀವನವನ್ನು ಈ ಒಂದು ಪ್ರಶ್ನೆಯ ಸುತ್ತ ಓದಬಹುದು ಎಂಬುದು ನನ್ನ ವಾದ.

ವನವಾಸದ ಕಥೆ 1911ರಿಂದ 1966ಕ್ಕೆ ಒಂದೇ ನೆಗೆತ ನೆಗೆಯುತ್ತದೆ. ನಡುವೆ ನಡೆದದ್ದನ್ನು ನೋಡೋಣ. ಅಂದಿನ ಆಕ್ಷೇಪಗಳು ಪೂರ್ತಿ ಮೂರ್ಖತನದವಾಗಿರಲಿಲ್ಲ. ಕೋಳಿಯಲ್ಲಿ ಕಂಡದ್ದು ಸಸ್ತನಿಗಳಿಗೆ ಅನ್ವಯಿಸುತ್ತದೆಯೇ? ಇದು ನಿಜಕ್ಕೂ ಕ್ಯಾನ್ಸರೇ, ಅಥವಾ ಕ್ಯಾನ್ಸರಿನಂತೆ ಕಾಣುವ ಸೋಂಕೇ? ಅದಕ್ಕೂ ಮುಂಚೆ, 1908ರಲ್ಲಿ, ಕೋಪನ್‌ಹೇಗನ್ನಿನ ಎಲರ್ಮನ್ ಮತ್ತು ಬಾಂಗ್ ಕೋಳಿಗಳ ಲ್ಯುಕೇಮಿಯಾವನ್ನು ಇದೇ ರೀತಿ ಸೋಸಿದ ದ್ರವದಿಂದ ಹರಡಿಸಿದ್ದರು. ಲ್ಯುಕೇಮಿಯಾವನ್ನು ಆಗ ಕ್ಯಾನ್ಸರ್ ಎಂದು ಎಣಿಸುತ್ತಿರಲಿಲ್ಲವಾದ್ದರಿಂದ ಅದೂ ದೊಡ್ಡ ಸುದ್ದಿಯಾಗಲಿಲ್ಲ. ರೌಸ್ ಆಕ್ಷೇಪಗಳಿಗೆ ಉತ್ತರ ಹುಡುಕಿದರು. ಕೋಳಿಗಳಲ್ಲೇ ಬೇರೆ ಬೇರೆ ಬಗೆಯ ಗಡ್ಡೆಗಳನ್ನು ಸೋಸಿ, ಪ್ರತಿಯೊಂದರ ಕಾರಕವೂ ತನ್ನದೇ ಬಗೆಯ ಗಡ್ಡೆಯನ್ನು ತರುತ್ತದೆಂದು ತೋರಿಸಿದರು. ಇಲಿಗಳಲ್ಲಿ ಇಂಥದ್ದೇ ಕಾರಕಕ್ಕಾಗಿ ಹುಡುಕಿದರು. ಸಿಗಲಿಲ್ಲ. 1915ರ ಹೊತ್ತಿಗೆ ಈ ಕೆಲಸವನ್ನು ಬಿಟ್ಟರು.

ಬಿಟ್ಟರು ಎಂಬುದನ್ನು ಸೋಲು ಎಂದು ಓದುವವರು ಮುಂದಿನ ಪುಟಗಳನ್ನು ತಿರುವಿಲ್ಲ. 1916ರಲ್ಲಿ ಟರ್ನರ್ ಜೊತೆ ಸೇರಿ ಸಿಟ್ರೇಟ್ ಮತ್ತು ಸಕ್ಕರೆಯ ದ್ರಾವಣದಲ್ಲಿ ಕೆಂಪು ರಕ್ತಕಣಗಳನ್ನು ವಾರಗಟ್ಟಲೆ ಕೆಡದಂತೆ ಇಡುವ ವಿಧಾನವನ್ನು ಅವರು ಪ್ರಕಟಿಸಿದರು. ಅವರ ಪ್ರಯೋಗಾಲಯದಲ್ಲೇ ಕೆಲಸ ಮಾಡಿದ್ದ ಆಸ್ವಾಲ್ಡ್ ರಾಬರ್ಟ್‌ಸನ್ ಮರುವರ್ಷ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಆ ಜ್ಞಾನವನ್ನು ಬಳಸಿ ರಕ್ತವನ್ನು ಮೊದಲೇ ಸಂಗ್ರಹಿಸಿಟ್ಟು ಗಾಯಾಳುಗಳಿಗೆ ಕೊಟ್ಟರು. ಇಂದಿನ ರಕ್ತನಿಧಿಗಳ ಮೂಲಗಳಲ್ಲಿ ಅದೊಂದು. ಅದೇ 1916ರಲ್ಲಿ ಜೋನ್ಸ್ ಜೊತೆ ಟ್ರಿಪ್ಸಿನ್ ಎಂಬ ಕಿಣ್ವದಿಂದ ಅಂಗಾಂಶವನ್ನು ಬಿಡಿಬಿಡಿ ಜೀವಕೋಶಗಳಾಗಿ ಬೇರ್ಪಡಿಸುವ ಉಪಾಯ ಕಂಡುಕೊಂಡರು. ಜೀವಕೋಶಗಳನ್ನು ಬೆಳೆಸುವ ಪ್ರಯೋಗಾಲಯಗಳಲ್ಲಿ ಇಂದಿಗೂ ಟ್ರಿಪ್ಸಿನ್ ದಿನಬಳಕೆಯ ವಸ್ತು. ಆಮೇಲೆ ಯಕೃತ್ತು, ಪಿತ್ತಕೋಶಗಳ ಅಧ್ಯಯನ. ಜೊತೆಗೆ 1920ರ ದಶಕದಿಂದ ಸುಮಾರು ಐದು ದಶಕ ‘ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಮೆಡಿಸಿನ್’ ಪತ್ರಿಕೆಯ ಸಂಪಾದಕತ್ವ. ಆನುವಂಶಿಕತೆಯ ವಸ್ತು ಡಿಎನ್ಎ ಎಂದು ತೋರಿಸಿದ ಏವರಿ, ಮ್ಯಾಕ್‌ಲಿಯಾಡ್, ಮೆಕಾರ್ಟಿ ಅವರ 1944ರ ಪ್ರಬಂಧ ಬಂದದ್ದು ಇದೇ ಸಂಪಾದಕರ ಮೇಜಿಗೆ. ಇಷ್ಟೆಲ್ಲ ಮಾಡುತ್ತಿದ್ದ ಮನುಷ್ಯನನ್ನು ಕಾಡಿನಲ್ಲಿ ಕಾಯುತ್ತಿದ್ದವನೆಂದು ಕರೆಯುವುದು ಹೇಗೆ?

ಪಿಎಚ್.ಡಿ. ಮಾಡುತ್ತಿರುವ ನಮ್ಮಂಥವರಿಗೆ ಈ ಭಾಗ ಬೇರೆಯೇ ಕಾರಣಕ್ಕೆ ಮುಖ್ಯ. ಹಿಡಿದ ವಿಷಯವನ್ನು ಬಿಡದಿರುವುದೇ ಸಂಶೋಧನೆಯ ಶೌರ್ಯ ಎಂದು ನಮಗೆ ಹೇಳಿಕೊಡಲಾಗುತ್ತದೆ. ದಾರಿ ಮುಚ್ಚಿದೆ ಎಂದು ಗೊತ್ತಾದಾಗ ಹೊರಬರುವುದಕ್ಕೆ ನಮ್ಮ ಕಥನಗಳಲ್ಲಿ ಗೌರವದ ಹೆಸರಿಲ್ಲ.

ಮುಚ್ಚಿದ ದಾರಿಯಲ್ಲೇ ನುಗ್ಗಿದವರ ಉದಾಹರಣೆಗಳೂ ಆ ಕಾಲದಲ್ಲೇ ಇವೆ. 1925ರಲ್ಲಿ ಇಂಗ್ಲೆಂಡಿನ ಗೈ ಮತ್ತು ಬಾರ್ನಾರ್ಡ್, ರೌಸ್ ಅವರದೇ ಕೋಳಿ ಗಡ್ಡೆಯನ್ನು ಬಳಸಿ, ಕ್ಯಾನ್ಸರಿನ ಮೂಲವೇ ಸಿಕ್ಕಿತೆಂಬ ಅರ್ಥ ಬರುವಂಥ ಪ್ರಬಂಧಗಳನ್ನು ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಪತ್ರಿಕೆಗಳು ಕುಣಿದಾಡಿದವು. ಬೇರೆಯವರು ಮಾಡಿ ನೋಡಿದಾಗ ಆ ಫಲಿತಾಂಶ ನಿಲ್ಲಲಿಲ್ಲ. ಡೆನ್ಮಾರ್ಕಿನ ಫಿಬಿಗರ್ ಅವರಿಗೆ ಒಂದು ಬಗೆಯ ಹುಳುವಿನಿಂದ ಇಲಿಗಳಿಗೆ ಕ್ಯಾನ್ಸರ್ ಬರುತ್ತದೆ ಎಂದು ತೋರಿಸಿದ್ದಕ್ಕೆ 1926ರ ವೈದ್ಯಕೀಯ ನೊಬೆಲ್ ಸಿಕ್ಕಿತು. ಆ ಶೋಧ ಆಮೇಲೆ ಬಿದ್ದುಹೋಯಿತು. ಅಂದರೆ, ಕೂಡಲೇ ಮನ್ನಣೆ ಸಿಕ್ಕಿದ್ದು ತಪ್ಪೂ ಆಗಿರಬಹುದು. ಹಾಗೆಂದು ತಡವಾಗಿ ಸಿಕ್ಕಿದ್ದೆಲ್ಲ ಸರಿಯಾಗಬೇಕಿಲ್ಲ. ಮನ್ನಣೆಯ ಗಡಿಯಾರಕ್ಕೂ ಸತ್ಯಕ್ಕೂ ನೇರ ಸಂಬಂಧವಿಲ್ಲ. ಎಲೆಯ ಕಷಾಯದವನಿಗೆ ಕೊಡಬೇಕಾದ ಉತ್ತರದ ಮೊದಲ ಭಾಗ ಇದು.

ರೌಸ್ ವೈರಸ್‌ಗಳ ಕಡೆಗೆ ಮರಳಿದ್ದು 1930ರ ದಶಕದಲ್ಲಿ. ಸಂಸ್ಥೆಯ ಪ್ರಿನ್ಸ್‌ಟನ್ ಶಾಖೆಯಲ್ಲಿದ್ದ ರಿಚರ್ಡ್ ಶೋಪ್ 1933ರಲ್ಲಿ ಕಾಡು ಮೊಲಗಳ ಮೈಮೇಲೆ ಕೊಂಬಿನಂಥ ನರುಳ್ಳೆಗಳನ್ನು ಬೆಳೆಸುವ ಒಂದು ವೈರಸ್ಸನ್ನು ಕಂಡುಹಿಡಿದು ಅದರ ಮುಂದಿನ ಅಧ್ಯಯನವನ್ನು ರೌಸ್ ಅವರಿಗೆ ಒಪ್ಪಿಸಿದರು. ಕೋಳಿಯಲ್ಲ, ಸಸ್ತನಿ! ರೌಸ್ ಮತ್ತು ಬಿಯರ್ಡ್ ಈ ನರುಳ್ಳೆಗಳು ಸಾಕುಮೊಲಗಳಲ್ಲಿ ಕ್ಯಾನ್ಸರಾಗಿ ತಿರುಗುವುದನ್ನು ತೋರಿಸಿದರು. ಆದರೆ ಇಲ್ಲಿ ಒಂದು ಒಗಟು ಎದುರಾಯಿತು. ಆ ಕ್ಯಾನ್ಸರಿನಿಂದ ಸೋಂಕು ತರಬಲ್ಲ ವೈರಸ್ಸನ್ನು ಮತ್ತೆ ಹೊರತೆಗೆಯಲು ಸಾಮಾನ್ಯವಾಗಿ ಆಗುತ್ತಿರಲಿಲ್ಲ. ಕೆಲಸ ಶುರುಮಾಡಿದ ಕೈ ಕೆಲಸ ಮುಗಿಯುವ ಹೊತ್ತಿಗೆ ಕಾಣೆ. ಟಾರು ಹಚ್ಚಿದ ಮೊಲದ ಕಿವಿಗಳ ಮೇಲಿನ ಪ್ರಯೋಗಗಳಿಂದ ಅವರಿಗೆ ಇನ್ನೊಂದು ಸಂಗತಿ ಸ್ಪಷ್ಟವಾಗುತ್ತಾ ಬಂತು. ಕ್ಯಾನ್ಸರ್ ಒಂದೇ ಏಟಿನಲ್ಲಿ ಆಗುವುದಲ್ಲ. ಮೊದಲು ಯಾವುದೋ ಒಂದು ಜೀವಕೋಶವನ್ನು ಅಣಿಗೊಳಿಸುತ್ತದೆ. ಅದು ಬಹುಕಾಲ ಸುಮ್ಮನಿರಬಹುದು. ಆಮೇಲೆ ಇನ್ನೊಂದು ಪ್ರಚೋದನೆ ಅದನ್ನು ಗಡ್ಡೆಯಾಗಿ ಬೆಳೆಸುತ್ತದೆ. ‘ಆರಂಭ’ ಮತ್ತು ‘ಪ್ರೋತ್ಸಾಹ’ ಎಂಬ ಅರ್ಥದ ಎರಡು ಪದಗಳನ್ನು 1944ರಲ್ಲಿ ಫ್ರೀಡೆವಾಲ್ಡ್ ಜೊತೆಗಿನ ಪ್ರಬಂಧದಲ್ಲಿ ಅವರು ಚಲಾವಣೆಗೆ ತಂದರು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಒಂದೇ ಕ್ರಿಯಾಪದ ಎಂದುಕೊಂಡಿದ್ದು ಎರಡಾಗಿ ಒಡೆಯಿತು. ಎರಡು ಕ್ರಿಯೆಗಳಿಗೆ ಇಬ್ಬರು ಕರ್ತೃಗಳಿರಬಹುದು.

ಇಲ್ಲಿಗೆ ಕಥೆ ನಿಂತಿದ್ದರೆ ರೌಸ್ ಕೊನೆಯವರೆಗೂ ಸರಿಯಾಗಿಯೇ ಇದ್ದವರಾಗುತ್ತಿದ್ದರು. 1951ರಲ್ಲಿ ಲುಡ್ವಿಕ್ ಗ್ರಾಸ್ ಇಲಿಗಳ ಲ್ಯುಕೇಮಿಯಾ ಸೋಸಿದ ದ್ರವದಿಂದ ಹರಡುವುದನ್ನು ತೋರಿಸಿದರು. 1964ರಲ್ಲಿ ಎಪ್‌ಸ್ಟೈನ್, ಅಚಾಂಗ್, ಬಾರ್ ಮನುಷ್ಯರ ಗಡ್ಡೆಯ ಕೋಶಗಳಲ್ಲೇ ಒಂದು ವೈರಸ್ಸನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. 1966ರಲ್ಲಿ ಪ್ರಶಸ್ತಿ ಬಂತು. ಅದನ್ನು ಕೊಟ್ಟದ್ದು ಗಡ್ಡೆ ಹುಟ್ಟಿಸುವ ವೈರಸ್‌ಗಳ ಶೋಧಕ್ಕಾಗಿ. ವಾಕ್ಯ ಬದಲಾಗಿರುವುದನ್ನು ಗಮನಿಸಿ. 1911ರಲ್ಲಿ ಒಂದು ಕಾರಕದ ಮೂಲಕ ಹರಡುವ ಗಡ್ಡೆ ಇತ್ತು. 1966ರಲ್ಲಿ ವೈರಸ್ ತಾನೇ ಕರ್ತೃವಾಗಿ ಗಡ್ಡೆಯನ್ನು ಹುಟ್ಟಿಸುತ್ತಿದೆ.

ಆ ವರ್ಷದ ಡಿಸೆಂಬರಿನಲ್ಲಿ ರೌಸ್ ಮಾಡಿದ ನೊಬೆಲ್ ಉಪನ್ಯಾಸವನ್ನು ವನವಾಸದ ಕಥೆ ಹೇಳುವವರು ಉಲ್ಲೇಖಿಸುವುದು ಕಡಿಮೆ. ಕ್ಯಾನ್ಸರ್‌ಕಾರಕಗಳು ದೇಹದ ಜೀವಕೋಶಗಳ ಜೀನ್‌ಗಳಲ್ಲೇ ಬದಲಾವಣೆ ತರುತ್ತವೆ ಎಂಬ, ಆಗ ಬಲವಾಗುತ್ತಿದ್ದ ವಿವರಣೆಯನ್ನು ಅವರು ಅಲ್ಲಿ ತಳ್ಳಿಹಾಕುತ್ತಾರೆ. ಸಂದೇಹ ವ್ಯಕ್ತಪಡಿಸಿ ಸುಮ್ಮನಾಗುವುದಿಲ್ಲ, ಆ ಊಹೆಗೆ ಎಡೆಯೇ ಇಲ್ಲ ಎನ್ನುವ ಧಾಟಿಯಲ್ಲಿ ಮಾತನಾಡುತ್ತಾರೆ. 1911ರ ಗದ್ಯ ಬಾಗಿಲನ್ನು ತೆರೆದಿಟ್ಟಿತ್ತು. 1966ರ ಗದ್ಯ ಅದನ್ನು ಮುಚ್ಚುತ್ತದೆ. ಒಬ್ಬನೇ ಲೇಖಕನ ಎರಡು ಪಠ್ಯಗಳ ನಡುವಿನ ಈ ಧ್ವನಿಭೇದ ಯಾವ ವಿಮರ್ಶಕನ ಕಣ್ಣಿಗೂ ಬೀಳಬೇಕಾದದ್ದು. ಮೊದಲನೆಯದನ್ನು ಬರೆದವರಿಗೆ ಸಾಬೀತು ಮಾಡುವ ಹೊಣೆಯಿತ್ತು. ಎರಡನೆಯದನ್ನು ಓದಿದವರು ಪ್ರಶಸ್ತಿಯ ವೇದಿಕೆಯ ಮೇಲಿದ್ದರು.

ರೌಸ್ 1970ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷದ ಜೂನ್‌ನಲ್ಲಿ ಹೊವರ್ಡ್ ಟೆಮಿನ್ ಮತ್ತು ಸತೋಷಿ ಮಿಜುತಾನಿ, ಅವರದೇ ಹೆಸರಿನ ರೌಸ್ ಸಾರ್ಕೋಮಾ ವೈರಸ್‌ನಲ್ಲಿ, ಆರ್‌ಎನ್‌ಎಯಿಂದ ಡಿಎನ್ಎ ತಯಾರಿಸುವ ಕಿಣ್ವವಿದೆ ಎಂದು ಪ್ರಕಟಿಸಿದರು. ಡೇವಿಡ್ ಬಾಲ್ಟಿಮೋರ್ ಸ್ವತಂತ್ರವಾಗಿ ಅದನ್ನೇ ಕಂಡಿದ್ದರು. ಈ ವೈರಸ್ ತನ್ನ ಬರಹವನ್ನು ಜೀವಕೋಶದ ಬರಹದೊಳಗೇ ಸೇರಿಸಿಬಿಡಬಲ್ಲದು. ಜೊತೆಗೆ, ಗಡ್ಡೆ ಹುಟ್ಟಿಸುವ ಶಕ್ತಿ ಕಳೆದುಕೊಂಡ ಮೇಲೂ ತನ್ನ ಸಂತತಿಯನ್ನು ಬೆಳೆಸಬಲ್ಲ ರೌಸ್ ವೈರಸ್‌ಗಳು ಸಿಕ್ಕವು. ಅಂದರೆ ಕ್ಯಾನ್ಸರ್ ತರುವ ಜೀನ್ ವೈರಸ್‌ನ ಬದುಕಿಗೆ ಬೇಕಾದದ್ದಲ್ಲ. ಹಾಗಾದರೆ ಅದು ಅಲ್ಲಿಗೆ ಬಂದದ್ದು ಎಲ್ಲಿಂದ? 1976ರಲ್ಲಿ ಸ್ಟೆಹೆಲಿನ್, ವಾರ್ಮಸ್, ಬಿಷಪ್, ವೋಗ್ಟ್ ಉತ್ತರ ಕೊಟ್ಟರು. ‘ಸಾರ್ಕ್’ ಎಂದು ಕರೆಯುವ ಆ ಜೀನಿನ ಮೂಲರೂಪ ಆರೋಗ್ಯವಂತ ಕೋಳಿಯ ಜೀವಕೋಶಗಳಲ್ಲೇ ಇದೆ, ಬೇರೆ ಹಕ್ಕಿಗಳಲ್ಲೂ ಇದೆ. ಆಮೇಲೆ ಮನುಷ್ಯರಲ್ಲೂ ಇದೆಯೆಂದು ತಿಳಿಯಿತು. ವೈರಸ್ ಅದನ್ನು ಎಂದೋ ಕೋಳಿಯಿಂದಲೇ ಎತ್ತಿಕೊಂಡಿತ್ತು. ಬಿಷಪ್ ಮತ್ತು ವಾರ್ಮಸ್‌ಗೆ ಇದಕ್ಕಾಗಿ 1989ರ ನೊಬೆಲ್ ಬಂತು.

ರೌಸ್ ಅವರ ಮೊದಲ ಪಠ್ಯ ತೆರೆದಿಟ್ಟ ಪ್ರಶ್ನೆಗೆ ಉತ್ತರ ಅವರ ಕೊನೆಯ ಪಠ್ಯವನ್ನು ಸುಳ್ಳುಮಾಡುತ್ತಾ ಬಂತು. ಅದೂ ಅವರದೇ ಕೋಳಿಯ ವೈರಸ್ ಮೂಲಕ! ಜೀವಕೋಶದ ಸ್ವಂತ ಜೀನ್ ಬದಲಾದರೆ ಅದೇ ಕ್ಯಾನ್ಸರ್ ತರಬಹುದು ಎಂದ ಮೇಲೆ, ವೈರಸ್ ಕರ್ತೃಸ್ಥಾನದಿಂದ ಕರಣಸ್ಥಾನಕ್ಕೆ, ಕೊಂಡೊಯ್ಯುವ ಗಾಡಿಯ ಸ್ಥಾನಕ್ಕೆ ಇಳಿಯಿತು. ಅಪಾದಾನ, ಹೊರಟುಬಂದ ಜಾಗ, ನಮ್ಮದೇ ಜೀವಕೋಶ.

ಎಲ್ಲ ವೈರಸ್‌ಗಳಿಗೂ ಇದೇ ವಾಕ್ಯರಚನೆ ಹೊಂದುವುದಿಲ್ಲ. ಶೋಪ್ ಅವರ ಮೊಲದ ವೈರಸ್ ಕುಟುಂಬಕ್ಕೇ ಸೇರಿದ ಮನುಷ್ಯರ ಎಚ್‌ಪಿವಿಯನ್ನು ನೋಡಿ. ಅದರ 16ನೇ ಬಗೆಯನ್ನು 1983ರಲ್ಲಿ ಗರ್ಭಕಂಠದ ಕ್ಯಾನ್ಸರಿನಲ್ಲಿ ಗುರುತಿಸಿದ್ದು ಹೆರಾಲ್ಡ್ ಜುರ್ ಹೌಸೆನ್ ಅವರ ತಂಡ. 2008ರಲ್ಲಿ ಅವರಿಗೆ ನೊಬೆಲ್ ಬಂತು. ಇಲ್ಲಿ ವೈರಸ್‌ನ ಸ್ವಂತ ಜೀನ್‌ಗಳೇ ಜೀವಕೋಶದ ಕಾವಲು ಪ್ರೋಟೀನ್‌ಗಳನ್ನು ಕೆಡಿಸುತ್ತವೆ. ಹಾಗಿದ್ದರೂ ಸೋಂಕು ತಗುಲಿದ ಬಹುಪಾಲು ಜನರಲ್ಲಿ ದೇಹವೇ ಅದನ್ನು ತೊಲಗಿಸುತ್ತದೆ. ಅಪಾಯದ ಬಗೆಗಳು ವರ್ಷಾನುಗಟ್ಟಲೆ ಉಳಿದುಕೊಂಡ ಕೆಲವರಲ್ಲಿ ಮಾತ್ರ ಕ್ಯಾನ್ಸರಾಗುತ್ತದೆ. ಮೊಲದ ಕಿವಿಯ ಮೇಲೆ ರೌಸ್ ಕಂಡ ನಿಧಾನದ, ಹಂತಹಂತದ ಕಥೆಗೆ ಇದು ಹತ್ತಿರ.

ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಚ್ಚು ಕಾಣುವುದು ಗರ್ಭಕಂಠದ ಕ್ಯಾನ್ಸರ್. ಅದನ್ನು ತಡೆಯುವ ಲಸಿಕೆ ನಮ್ಮ ದೇಶದಲ್ಲೇ, ಪುಣೆಯಲ್ಲಿ, ತಯಾರಾಗುತ್ತಿದೆ. ಹಾಗಾಗಿ ‘ವೈರಸ್‌ನಿಂದ ಬರುವ ಕ್ಯಾನ್ಸರ್’ ಎಂಬ ಮಾತು ಇನ್ನು ಮುಂದೆ ಕನ್ನಡದಲ್ಲಿ ಹೆಚ್ಚುಹೆಚ್ಚು ಕೇಳುತ್ತದೆ. ಆ ‘ಇಂದ’ವನ್ನು ಬಿಡಿಸಿ ಹೇಳದಿದ್ದರೆ ಅದು ಎರಡು ಕೆಡುಕುಗಳನ್ನು ಮಾಡಬಲ್ಲದು. ಕ್ಯಾನ್ಸರ್ ಆದವರ ತಟ್ಟೆ ಲೋಟ ಬೇರೆ ಇಡುವ ಮನೆಗಳಿಗೆ ಅದು ನೆಪವಾಗುತ್ತದೆ. ಸೋಂಕು ತಗುಲಿದೆ ಎಂದು ತಿಳಿದ ಹೆಣ್ಣಿಗೆ ಆಗಲೇ ಕ್ಯಾನ್ಸರ್ ಬಂದಂತೆ ಕೇಳಿಸುತ್ತದೆ. ಜ್ವರದ ಹಾಗೆ ಕ್ಯಾನ್ಸರ್ ಅಂಟುವುದಿಲ್ಲ. ಅಂಟುವುದು ಕೆಲವು ಕ್ಯಾನ್ಸರ್‌ಗಳ ಹಿಂದಿರುವ ವೈರಸ್. ಅದನ್ನು ಲಸಿಕೆಯಿಂದ ತಡೆಯಬಹುದು, ಅದು ಉಂಟುಮಾಡಿದ ಬದಲಾವಣೆಗಳನ್ನು ತಪಾಸಣೆಯಿಂದ ಬೇಗ ಹಿಡಿಯಬಹುದು. ಈ ವ್ಯತ್ಯಾಸವನ್ನು ಹೇಳಲು ವೈದ್ಯರಷ್ಟೇ ಸಾಲದು, ಭಾಷೆಯ ಬಗ್ಗೆ ಯೋಚಿಸುವವರೂ ಬೇಕು.

ಕಷಾಯದವನಿಗೆ ಕೊಡಬೇಕಾದ ಉತ್ತರದ ಎರಡನೆಯ ಭಾಗವೂ ಇಲ್ಲೇ ಇದೆ. ರೌಸ್ ಅವರನ್ನು ಅವನಿಂದ ಬೇರೆ ಮಾಡುವುದು ಕೊನೆಗೆ ಬಂದ ಪ್ರಶಸ್ತಿಯಲ್ಲ. ಸೋಸಿದ್ದು ಹೇಗೆ, ಯಾವ ಕೋಳಿಗೆ ಹಿಡಿಯಿತು, ಯಾವುದಕ್ಕೆ ಹಿಡಿಯಲಿಲ್ಲ ಎಂಬುದನ್ನೆಲ್ಲ ಅವರು ಬೇರೆಯವರು ಮಾಡಿ ನೋಡುವಂತೆ ಬರೆದಿಟ್ಟರು. ಆ ಬರವಣಿಗೆ ಎಷ್ಟು ಗಟ್ಟಿಯಾಗಿತ್ತೆಂದರೆ ಅವರ ಅಭಿಪ್ರಾಯ ತಪ್ಪಾದಾಗಲೂ ಅವರ ವೈರಸ್ ಸರಿಯಾದ ಉತ್ತರ ಕೊಟ್ಟಿತು. ಆ ಹಳೆಯ ಪ್ರಬಂಧ ಪತ್ರಿಕೆಯ ಸಂಗ್ರಹದಲ್ಲಿ ಇಂದಿಗೂ ಉಚಿತವಾಗಿ ಓದಲು ಸಿಗುತ್ತದೆ. ವಿಜ್ಞಾನವನ್ನು ಕನ್ನಡಕ್ಕೆ ತರಬೇಕೆಂದಿರುವ ಗೆಳೆಯರು ರೌಸ್ ಬಗ್ಗೆ ಬರೆಯುವ ಮುನ್ನ ಅದರ ಕೊನೆಯ ಪುಟವನ್ನಾದರೂ ಓದಲಿ, ಅಲ್ಲಿ ಬರುವ ‘ಏಜೆಂಟ್’ಗೆ ‘ವೈರಸ್’ ಎಂದು ಬರೆಯಲು ಕೈ ಹೋದಾಗ ಒಂದು ಕ್ಷಣ ತಡೆಯಲಿ.